ಡೇವಿಡ್ ಬುಷ್ನೆಲ್ ಮತ್ತು ಅವನ ‘ಆಮೆ’

ಬೆಂಗಳೂರಿನ ಪೂರ್ವಭಾಗದಲ್ಲಿ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಹೋಗುವ ಮಾರ್ಗದಲ್ಲಿ, ಗರುಡಾಚಾರ್‌ಪಾಳ್ಯವಿದೆ. 2023ರಲ್ಲಿ ಈ ಮಾರ್ಗದ ಮೇಲೆ ಮೆಟ್ರೊ ರೈಲಿನ ಸಂಚಾರ ಆರಂಭವಾದಾಗ ಇಲ್ಲಿಯೂ ಒಂದು ನಿಲ್ದಾಣವಾಯಿತು. ಈ ಊರಿನ ವಿದ್ಯಾರ್ಥಿಯೊಬ್ಬನು ತೆರೆದ ಬಯಲಿನಲ್ಲಿ ನಿಂತು ಮೊಬೈಲ್ ಫೋನಿನಲ್ಲಿರುವ ದಿಕ್ಸೂಚಿಯನ್ನು ನೋಡಿದರೆ ಅದು ಉತ್ತರ ದಿಕ್ಕನ್ನು ಸರಿಯಾಗಿಯೇ ತೋರಿಸುತ್ತದೆ. ಅದೇ ಫೋನನ್ನು ಉಕ್ಕಿನ ಸರಳುಗಳು ತುಂಬಿದ ಕಂಬದ ಪಕ್ಕಕ್ಕೋ, ನಿಂತಿರುವ ಲಾರಿಯ ಸಮೀಪಕ್ಕೋ ಒಯ್ದರೆ ಮುಳ್ಳು ಓಲಾಡತೊಡಗುತ್ತದೆ. ಇನ್ನಾವುದೋ ದಿಕ್ಕನ್ನು ಉತ್ತರವೆಂದು ಹೇಳುತ್ತದೆ. ನೆಲದ ಮೇಲಿರುವವನಿಗೆ ಇದರಿಂದ ದೊಡ್ಡ ಬಾಧೆಯೇನೂ ಇಲ್ಲ. ಹಗಲಿನಲ್ಲಿ ಸೂರ್ಯನಿದ್ದಾನೆ, ಇರುಳಿನಲ್ಲಿ ನಕ್ಷತ್ರಗಳಿವೆ, ಕೇಳಿದರೆ ದಾರಿ ಹೇಳುವ ಜನರೂ ಇದ್ದಾರೆ. ಆದರೆ ನೀರಿನ ಅಡಿಯಲ್ಲಿ, ಗಾಢಾಂಧಕಾರದಲ್ಲಿ, ಮರದ ಗೂಡೊಂದರೊಳಗೆ ಒಬ್ಬನೇ ಕುಳಿತಿರುವವನಿಗೆ ಆ ಮುಳ್ಳೊಂದೇ ಕಣ್ಣು. ಅದು ದಾರಿ ತಪ್ಪಿದರೆ ಅವನು ಕುರುಡನಾದಂತೆಯೇ ಸರಿ. ಸುಮಾರು ಎರಡೂವರೆ ಶತಮಾನಗಳ ಹಿಂದೆ ಈ ಕಷ್ಟವನ್ನು ಮೊದಲಿಗೆ ಎದುರಿಸಿದವನು ಅಮೆರಿಕದ ಡೇವಿಡ್ ಬುಷ್ನೆಲ್.

ಬುಷ್ನೆಲ್ಲನು 1740ರಲ್ಲಿ ಕನೆಕ್ಟಿಕಟ್ ಪ್ರಾಂತದ ಸೇಬ್ರೂಕ್ ಎಂಬಲ್ಲಿ ಒಕ್ಕಲು ಮನೆತನವೊಂದರಲ್ಲಿ ಜನಿಸಿದನು. ಆಗ ಆ ಪ್ರಾಂತವು ಬ್ರಿಟಿಷರ ವಸಾಹತಾಗಿದ್ದಿತು. ಊರಿನ ಮುಂದೆ ಕನೆಕ್ಟಿಕಟ್ ನದಿ ಸಮುದ್ರವನ್ನು ಸೇರುತ್ತದೆ. ನೇಗಿಲು, ದನಕರು, ಪೈರುಪಚ್ಚೆಗಳ ನಡುವೆಯೇ ಅವನ ಯೌವನವು ಕಳೆಯಿತು. ಸಂಕೋಚದ ಸ್ವಭಾವದವನಾದ ಅವನಿಗೆ ಪುಸ್ತಕಗಳಲ್ಲಿ ಅತೀವ ಆಸಕ್ತಿಯಿದ್ದಿತು. ತಂದೆ ತೀರಿಕೊಂಡ ಮೇಲೆ ಅವನು ತನ್ನ ಪಾಲಿಗೆ ಬಂದ ಭೂಮಿಯನ್ನು ಮಾರಿ, ಊರಿನ ಪಾದ್ರಿಯೊಬ್ಬರ ಬಳಿ ಪಾಠ ಹೇಳಿಸಿಕೊಂಡು, 1771ರಲ್ಲಿ ನ್ಯೂ ಹೇವನ್ ನಗರದ ಯೇಲ್ ಕಾಲೇಜನ್ನು ಸೇರಿದನು. ಆಗ ಅವನ ವಯಸ್ಸು ಮೂವತ್ತನ್ನು ದಾಟಿದ್ದಿತು. ಸಹಪಾಠಿಗಳೆಲ್ಲರೂ ಹದಿಹರೆಯದವರು. ಮೂವತ್ತು ದಾಟಿದವನು ಹುಡುಗರ ಸಾಲಿನಲ್ಲಿ ಕುಳಿತು ಓದುವುದೆಂದರೆ ಇಂದಿಗೂ ಎಲ್ಲರಿಂದ ಆಗುವ ಕೆಲಸವಲ್ಲ. ಅದೂ ಹೊಲವನ್ನು ಮಾರಿದ ಹಣದಲ್ಲಿ.

ಕಾಲೇಜಿನಲ್ಲಿರುವಾಗಲೇ ಅವನ ಮನಸ್ಸನ್ನು ಒಂದು ಪ್ರಶ್ನೆ ಹಿಡಿಯಿತು. ಸಿಡಿಮದ್ದು ನೀರಿನೊಳಗೆ ಸಿಡಿಯಬಲ್ಲುದೇ? ಒದ್ದೆಯಾದ ಮದ್ದು ಕೆಲಸಕ್ಕೆ ಬಾರದೆಂಬುದನ್ನು ಬಲ್ಲ ಜನರು ಇದು ಅಸಾಧ್ಯವೆಂದೇ ತಿಳಿದಿದ್ದರು. ಬುಷ್ನೆಲ್ಲನು ಮೊದಲು ಸ್ವಲ್ಪ ಮದ್ದನ್ನು ನೀರು ಸೋರದಂತೆ ಮುಚ್ಚಿ ನೀರಿನ ತಳದಲ್ಲಿ ಸಿಡಿಸಿ ತೋರಿಸಿದನು; ಬಳಿಕ ಹೆಚ್ಚು ಮದ್ದಿನಿಂದ ಅದೇ ಪ್ರಯೋಗವನ್ನು ಮಾಡಿದನು. ಸಿಡಿತವು ನೀರಿನಲ್ಲಿ ಅಡಗಲಿಲ್ಲ. ಸುತ್ತಲಿನ ನೀರಿನ ಒತ್ತಡದಿಂದ ಅದರ ಬಲವು ಮೇಲಿದ್ದ ಹಲಗೆಗಳನ್ನು ಪುಡಿಪುಡಿಮಾಡಿತು. ಅದೇ ಕಾಲದಲ್ಲಿ ಮೈಸೂರಿನಲ್ಲಿ ಹೈದರ್ ಆಲಿಯ ಸೈನ್ಯವು ಮದ್ದನ್ನು ಕಬ್ಬಿಣದ ಕೊಳವೆಗಳಲ್ಲಿ ತುಂಬಿ ಆಕಾಶಕ್ಕೆ ಹಾರಿಸುವ ವಿದ್ಯೆಯಲ್ಲಿ ಪಳಗಿದ್ದಿತು. ಒಬ್ಬರು ಮದ್ದನ್ನು ಗಾಳಿಯಲ್ಲಿ ಓಡಿಸಿದರು, ಇನ್ನೊಬ್ಬನು ನೀರಿನಲ್ಲಿ ಮುಳುಗಿಸಿದನು. ಇಬ್ಬರಿಗೂ ಎದುರಾಳಿ ಬ್ರಿಟಿಷರೇ.

1775ರ ಏಪ್ರಿಲಿನಲ್ಲಿ ವಸಾಹತುಗಳಿಗೂ ಬ್ರಿಟನ್ನಿಗೂ ಯುದ್ಧವು ಆರಂಭವಾಯಿತು. ಬುಷ್ನೆಲ್ಲನು ಅದೇ ವರ್ಷ ಪದವಿಯನ್ನು ಪಡೆದು ಊರಿಗೆ ಮರಳಿದನು. ಬ್ರಿಟಿಷರ ಬಲವಿದ್ದುದು ಅವರ ನೌಕಾಪಡೆಯಲ್ಲಿ. ವಸಾಹತುಗಳಿಗೆ ಆಗ ಹೇಳಿಕೊಳ್ಳುವಂಥ ಯುದ್ಧನೌಕೆಗಳೇ ಇರಲಿಲ್ಲ. ಶತ್ರುವಿನ ಹಡಗಿನ ಅಡಿಗೆ ಯಾರಿಗೂ ಕಾಣದಂತೆ ಹೋಗಿ ಮದ್ದಿನ ಪೆಟ್ಟಿಗೆಯನ್ನು ಅಂಟಿಸಿ ಬರಬಲ್ಲ ದೋಣಿಯೊಂದನ್ನು ಕಟ್ಟಬೇಕೆಂದು ಅವನು ನಿಶ್ಚಯಿಸಿದನು. ತಮ್ಮನಾದ ಎಜ್ರಾ ನೆರವಿಗೆ ನಿಂತನು. ನ್ಯೂ ಹೇವನ್ನಿನ ಗಡಿಯಾರದ ಕೆಲಸಗಾರ ಐಸಾಕ್ ಡೂಲಿಟ್ಲನು ಹಿತ್ತಾಳೆಯ ಸೂಕ್ಷ್ಮ ಭಾಗಗಳನ್ನು ಮಾಡಿಕೊಟ್ಟನು. ಯಾವ ಸರಕಾರದ ಕಾರ್ಖಾನೆಯೂ ಇಲ್ಲದೆ, ನದೀತೀರದಲ್ಲಿ ಗುಟ್ಟಾಗಿ ಈ ದೋಣಿಯು ಸಿದ್ಧವಾಯಿತು. ನೀರೊಳಗೆ ಸಾಗುವ ದೋಣಿಯನ್ನು ಅವನಿಗಿಂತ ಮುಂಚೆಯೇ, 1620ರ ಸುಮಾರಿಗೆ, ಡ್ರೆಬೆಲ್ ಎಂಬವನು ಲಂಡನ್ನಿನ ಥೇಮ್ಸ್ ನದಿಯಲ್ಲಿ ನಡೆಸಿದ್ದುಂಟು. ಆದರೆ ಯುದ್ಧಕ್ಕೆ ಇಳಿದ ಮೊದಲ ಜಲಾಂತರ್ಗಾಮಿಯೆಂಬ ಹೆಸರು ಬುಷ್ನೆಲ್ಲನ ದೋಣಿಗೇ ಸಲ್ಲುತ್ತದೆ.

ದೋಣಿಯ ಆಕಾರವು ಎರಡು ಆಮೆಚಿಪ್ಪುಗಳನ್ನು ಎದುರುಬದುರಾಗಿ ಜೋಡಿಸಿದಂತಿದ್ದಿತು. ಆದುದರಿಂದ ಅದಕ್ಕೆ ‘ಟರ್ಟಲ್’, ಅಂದರೆ ಆಮೆ, ಎಂಬ ಹೆಸರು ಬಂದಿತು. ಓಕ್ ಮರದ ದಪ್ಪ ತುಂಡುಗಳನ್ನು ಕೂಡಿಸಿ, ಸಂದುಗಳಿಗೆ ಡಾಂಬರು ಬಳಿದು, ಕಬ್ಬಿಣದ ಪಟ್ಟಿಗಳಿಂದ ಬಿಗಿದಿದ್ದರು. ಎತ್ತರವು ಸುಮಾರು ಆರು ಅಡಿ. ಒಳಗೆ ಒಬ್ಬನು ಮಾತ್ರ ಕುಳಿತುಕೊಳ್ಳಬಹುದಾಗಿದ್ದಿತು. ತಲೆಯ ಮೇಲೆ ಹಿತ್ತಾಳೆಯ ಮುಚ್ಚಳ. ಅದರ ಸುತ್ತಲೂ ಸಣ್ಣ ಸಣ್ಣ ಗಾಜಿನ ಕಿಟಕಿಗಳು. ಕೆಳಗಿಳಿಯಬೇಕಾದರೆ ಕಾಲಿನಿಂದ ಕವಾಟವೊಂದನ್ನು ಒತ್ತಿ ತಳದೊಳಕ್ಕೆ ನೀರನ್ನು ಬಿಟ್ಟುಕೊಳ್ಳಬೇಕು; ಮೇಲೇರಬೇಕಾದರೆ ಎರಡು ಹಿತ್ತಾಳೆಯ ಪಂಪುಗಳಿಂದ ಆ ನೀರನ್ನು ಹೊರಕ್ಕೆ ತಳ್ಳಬೇಕು. ಮುಂದಕ್ಕೆ ಸಾಗಲು ಒಂದು, ಮೇಲೆ ಕೆಳಗೆ ಸರಿಯಲು ಇನ್ನೊಂದು, ಹೀಗೆ ಎರಡು ತಿರುಗುವ ತಿರುಪುಗಳಿದ್ದವು. ಇವನ್ನು ತಿರುಗಿಸಲು ಮನುಷ್ಯನ ಕೈಕಾಲುಗಳ ಹೊರತು ಬೇರೆ ಶಕ್ತಿಯಿರಲಿಲ್ಲ. ದೋಣಿಯು ಮಗುಚದಂತೆ ತಳದಲ್ಲಿ 900 ಪೌಂಡು ಸೀಸವನ್ನು ಇಟ್ಟಿದ್ದರು. ಅಪಾಯ ಬಂದರೆ ಅದರಲ್ಲಿ 200 ಪೌಂಡನ್ನು ಒಳಗಿನಿಂದಲೇ ಕೆಳಕ್ಕೆ ಬಿಟ್ಟು ಥಟ್ಟನೆ ಮೇಲಕ್ಕೆ ಬರಬಹುದಾಗಿದ್ದಿತು. ಮುಳುಗಿದ ಮೇಲೆ ಒಳಗಿನ ಗಾಳಿಯು ಸುಮಾರು ಅರ್ಧ ಗಂಟೆಯ ಉಸಿರಾಟಕ್ಕೆ ಸಾಕಾಗುತ್ತಿದ್ದಿತು.

ಮದ್ದಿನ ಪೆಟ್ಟಿಗೆಯನ್ನು ಓಕ್ ಮರದಲ್ಲಿ ಕೊರೆದು ಮಾಡಿ, 150 ಪೌಂಡು ಮದ್ದನ್ನು ತುಂಬಿ, ದೋಣಿಯ ಬೆನ್ನಿಗೆ ಕಟ್ಟಲಾಗಿದ್ದಿತು. ಅದರೊಳಗೆ ಒಂದು ಗಡಿಯಾರ. ಪೆಟ್ಟಿಗೆಯು ದೋಣಿಯಿಂದ ಕಳಚಿಕೊಂಡ ಕೂಡಲೇ ಗಡಿಯಾರವು ನಡೆಯತೊಡಗಿ, ಗೊತ್ತುಮಾಡಿದ ಹೊತ್ತಿಗೆ ಬಂದೂಕಿನ ಕುದುರೆಯನ್ನು ಬಿಟ್ಟು ಕಿಡಿಯನ್ನು ಹಾರಿಸುತ್ತಿದ್ದಿತು. ದೋಣಿಯಲ್ಲಿದ್ದವನು ದೂರ ಸರಿಯಲು ಬೇಕಾದಷ್ಟು ಸಮಯವನ್ನು ಇಟ್ಟುಕೊಳ್ಳಬಹುದಾಗಿದ್ದಿತು.

ಇವೆಲ್ಲವೂ ಕೈಗೂಡಿದವು. ಉಳಿದುದು ಬೆಳಕಿನ ಸಮಸ್ಯೆ. ಮುಳುಗಿದ ದೋಣಿಯಲ್ಲಿ ಕುಳಿತವನು ಎರಡು ಸಂಗತಿಗಳನ್ನು ತಿಳಿಯಲೇಬೇಕು: ಎಷ್ಟು ಆಳದಲ್ಲಿದ್ದೇನೆ, ಯಾವ ದಿಕ್ಕಿಗೆ ಹೋಗುತ್ತಿದ್ದೇನೆ. ಆಳಕ್ಕಾಗಿ ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಯನ್ನು ಅಳವಡಿಸಿದರು. ಹೊರಗಿನ ನೀರು ಅದರಲ್ಲಿ ಏರಿದಷ್ಟೂ ದೋಣಿ ಆಳಕ್ಕೆ ಇಳಿದಿದೆಯೆಂದು ಅರ್ಥ. ದಿಕ್ಕಿಗಾಗಿ ದಿಕ್ಸೂಚಿ. ಆದರೆ ಕತ್ತಲೆಯಲ್ಲಿ ಇವುಗಳನ್ನು ಓದುವುದು ಹೇಗೆ? ಮೇಣದ ಬತ್ತಿಯನ್ನು ಹಚ್ಚಿದರೆ ಅದು ಮನುಷ್ಯನಿಗೆ ಬೇಕಾದ ಗಾಳಿಯನ್ನೇ ನುಂಗಿಬಿಡುತ್ತದೆ.

ಬುಷ್ನೆಲ್ಲನು ಇದಕ್ಕೆ ಕಂಡುಕೊಂಡ ಉಪಾಯವು ಕಾಡಿನದು. ಕೊಳೆತ ಮರದಲ್ಲಿ ಬೆಳೆಯುವ ಕೆಲವು ಬಗೆಯ ಶಿಲೀಂಧ್ರಗಳು ಇರುಳಿನಲ್ಲಿ ಮಂದವಾದ ಹಸಿರು ಬೆಳಕನ್ನು ಬೀರುತ್ತವೆ. ನಮ್ಮ ಮಲೆನಾಡಿನ ಕಾಡುಗಳಲ್ಲಿಯೂ ಮಳೆಗಾಲದ ರಾತ್ರಿಗಳಲ್ಲಿ ಇಂಥ ಹೊಳೆಯುವ ಕಟ್ಟಿಗೆಯನ್ನು ಕಾಣಬಹುದು. ಇದು ಉರಿಯುವುದಿಲ್ಲ, ಬಿಸಿಯಾಗುವುದಿಲ್ಲ, ಬತ್ತಿಯಂತೆ ಗಾಳಿಯನ್ನು ಕಬಳಿಸುವುದೂ ಇಲ್ಲ. ಅಂಥ ಕಟ್ಟಿಗೆಯ ಚೂರನ್ನು ದಿಕ್ಸೂಚಿಯ ಉತ್ತರದ ತುದಿಗೆ ಅಂಟಿಸಿದರೆ, ಎಲ್ಲವೂ ಕಪ್ಪಾಗಿರುವಲ್ಲಿ ಉತ್ತರ ದಿಕ್ಕೊಂದು ಮಾತ್ರ ಹೊಳೆಯುತ್ತದೆ. ಈ ಉಪಾಯವನ್ನು ಮೆಚ್ಚದಿರುವುದು ಕಷ್ಟ. ಆದರೆ 1775ರ ಚಳಿಗಾಲದಲ್ಲಿ ಮಂಜು ಸುರಿಯತೊಡಗಿದಾಗ ಕಟ್ಟಿಗೆಯ ಹೊಳಪು ಆರಿಹೋಯಿತು. ಬುಷ್ನೆಲ್ಲನ ಹಿತೈಷಿಯಾಗಿದ್ದ ಡಾಕ್ಟರ್ ಬೆಂಜಮಿನ್ ಗೇಲ್ ಎಂಬವರು, ಇದಕ್ಕೆ ಬದಲಾಗಿ ಬೇರೇನಾದರೂ ಬೆಳಕು ದೊರೆಯುವುದೇ ಎಂದು ಪ್ರಸಿದ್ಧ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ನನನ್ನು ವಿಚಾರಿಸುವಂತೆ ಕಾಗದ ಬರೆದರು. ಬೇರೆ ದಾರಿ ಒದಗಿಬರಲಿಲ್ಲ. ಯುದ್ಧಕ್ಕೆ ಸಿದ್ಧವಾದ ದೋಣಿಯು ಒಂದು ಚೂರು ಬೆಳಕಿಗಾಗಿ ಚಳಿಗಾಲ ಕಳೆಯುವವರೆಗೆ ಕಾಯಬೇಕಾಯಿತು.

1776ರ ಬೇಸಗೆಯಲ್ಲಿ ಬ್ರಿಟಿಷರ ದೊಡ್ಡ ನೌಕಾಪಡೆಯೊಂದು ನ್ಯೂಯಾರ್ಕ್ ಬಂದರಿನಲ್ಲಿ ಲಂಗರು ಹಾಕಿತು. ಅದರ ಮುಖ್ಯ ನೌಕೆಯಾದ ‘ಈಗಲ್’ ಎಂಬುದರ ಮೇಲೆ 64 ತೋಪುಗಳಿದ್ದವು. ಅಡ್ಮಿರಲ್ ರಿಚರ್ಡ್ ಹೋವೆಯು ಅದರಲ್ಲಿಯೇ ಇದ್ದನು. ಆಮೆಯನ್ನು ನ್ಯೂಯಾರ್ಕಿಗೆ ಸಾಗಿಸಲಾಯಿತು. ಅದನ್ನು ನಡೆಸಲು ಚೆನ್ನಾಗಿ ಅಭ್ಯಾಸ ಮಾಡಿದ್ದವನು ತಮ್ಮ ಎಜ್ರಾ. ಬುಷ್ನೆಲ್ಲನ ದೇಹವು ಅಷ್ಟು ಶ್ರಮವನ್ನು ತಾಳುವಂಥದಾಗಿರಲಿಲ್ಲ. ಆದರೆ ಹೊರಡಬೇಕಾದ ಹೊತ್ತಿಗೆ ಎಜ್ರಾ ಕಾಯಿಲೆ ಬಿದ್ದನು. ಎಜ್ರಾ ಲೀ ಎಂಬ ಇನ್ನೊಬ್ಬ ಸಾರ್ಜೆಂಟನನ್ನು ಆರಿಸಿ, ಕೆಲವು ವಾರ ತರಬೇತಿ ಕೊಟ್ಟು ಸಿದ್ಧಪಡಿಸಿದರು.

ಸೆಪ್ಟೆಂಬರ್ 6ರ ರಾತ್ರಿ ದೋಣಿಯನ್ನು ನೀರಿಗೆ ಬಿಟ್ಟರು. ಸ್ವಲ್ಪ ದೂರ ಬೇರೆ ದೋಣಿಗಳು ಅದನ್ನು ಎಳೆದೊಯ್ದು ಬಿಟ್ಟುಬಂದವು. ಇಳಿತದ ಸೆಳವು ಬಲವಾಗಿದ್ದುದರಿಂದ ಆಮೆಯು ಹಡಗುಗಳನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟಿತು. ಲೀ ಎರಡೂವರೆ ಗಂಟೆಗಳ ಕಾಲ ತಿರುಪನ್ನು ತಿರುಗಿಸುತ್ತ ಹಿಂದಕ್ಕೆ ಬಂದನು. ಕೊನೆಗೆ ಈಗಲ್ ನೌಕೆಯ ಅಡಿಯನ್ನು ಸೇರಿದನು. ಮೇಲೆ ಹಡಗಿನ ಜನರು ಮಾತನಾಡುವುದು ಅವನಿಗೆ ಕೇಳಿಸುತ್ತಿದ್ದಿತು. ಮುಳುಗಿ, ಕೊರೆಯುವ ತಿರುಪನ್ನು ಹಡಗಿನ ತಳಕ್ಕೆ ಒತ್ತಿ ತಿರುಗಿಸಿದನು. ಅದು ಒಳಕ್ಕೆ ಇಳಿಯಲಿಲ್ಲ. ಚುಕ್ಕಾಣಿಯ ಬಳಿಯ ಕಬ್ಬಿಣದ ಪಟ್ಟಿಗೆ ಅದು ತಗುಲಿತೆಂದು ಬುಷ್ನೆಲ್ಲನು ಅನಂತರ ಊಹಿಸಿದನು. ಲೀ ಸ್ವಲ್ಪ ಸರಿದು ಇನ್ನೊಂದು ಎಡೆಯನ್ನು ಹುಡುಕಹೋದಾಗ ಹಡಗಿನ ಅಡಿಯೇ ಕೈತಪ್ಪಿಹೋಯಿತು. ದೋಣಿಯು ಪಕ್ಕಕ್ಕೆ ಜಾರಿ ನೀರಿನ ಮೇಲಕ್ಕೆ ಬಂದಿತು. ಅಷ್ಟರಲ್ಲಿ ಬೆಳಕು ಹರಿಯುತ್ತಿದ್ದಿತು.

ಹಿಂದಿರುಗುವ ದಾರಿಯಲ್ಲಿ ಅವನಿಗೆ ಒದಗಿದ ಸಂಕಟವೇ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ದಿಕ್ಸೂಚಿಯು ಕೆಲಸಕ್ಕೆ ಬಾರದಂತಾಯಿತು. ನೀರಿನಲ್ಲಿ ಅಡಗಿ ನೆಟ್ಟಗೆ ದಡಕ್ಕೆ ಸಾಗಬೇಕಾಗಿದ್ದ ದೋಣಿಯು, ಕೆಲವು ನಿಮಿಷಗಳಿಗೊಮ್ಮೆ ಮೇಲಕ್ಕೆ ಬಂದು ತಲೆಯೆತ್ತಿ ನೋಡುತ್ತ, ಅಂಕುಡೊಂಕಾಗಿ ಹೋಗಬೇಕಾಯಿತು. ಕಾಣದಿರುವುದೇ ಅದರ ಏಕಮಾತ್ರ ಬಲವಾಗಿದ್ದಿತು. ಮುಳ್ಳು ಕೈಕೊಟ್ಟ ಕೂಡಲೇ ಆ ಬಲವೂ ಹೋಯಿತು. ಗವರ್ನರ್ಸ್ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರ ಗುಂಪು ಈ ವಿಚಿತ್ರ ವಸ್ತುವನ್ನು ಕಂಡು ದಂಡೆಗೆ ಬಂದಿತು. ಕೆಲವರು ದೋಣಿಯೇರಿ ಅಟ್ಟಿಸಿಕೊಂಡು ಬಂದರು. ಲೀ ಮದ್ದಿನ ಪೆಟ್ಟಿಗೆಯನ್ನು ಕಳಚಿಬಿಟ್ಟನು. ಅಟ್ಟಿ ಬಂದವರು ಹೆದರಿ ಹಿಂದಿರುಗಿದರು. ಪೆಟ್ಟಿಗೆಯು ತೇಲಿಹೋಗಿ ಈಸ್ಟ್ ನದಿಯಲ್ಲಿ ಮಹಾಶಬ್ದದೊಡನೆ ಸಿಡಿದು ನೀರನ್ನು ಆಕಾಶಕ್ಕೆ ಚಿಮ್ಮಿಸಿತು. ಲೀ ಬದುಕಿ ಬಂದನು. ಬ್ರಿಟಿಷರ ದಾಖಲೆಗಳಲ್ಲಿ ಈ ದಾಳಿಯ ಪ್ರಸ್ತಾಪವಿಲ್ಲ. ಆದಕಾರಣ ಕೆಲವು ಇತಿಹಾಸಕಾರರು ಲೀ ಹಡಗಿನವರೆಗೆ ತಲುಪಿದ್ದನ್ನೇ ಸಂದೇಹಿಸುತ್ತಾರೆ. ದಿಕ್ಕು ತಪ್ಪಿದ ಮನುಷ್ಯನ ಮಾತಿಗೆ ಸಾಕ್ಷಿ ದೊರೆಯುವುದೂ ಕಷ್ಟವೇ.

ದಿಕ್ಸೂಚಿಯೇಕೆ ಕೆಟ್ಟಿತು ಎಂಬುದನ್ನು ಅಂದಿನವರಾರೂ ಬಗೆಹರಿಸಲಿಲ್ಲ. ಆದರೆ ಆ ಇಕ್ಕಟ್ಟಿನ ಗೂಡಿನಲ್ಲಿ ಕಬ್ಬಿಣದ ಪಟ್ಟಿಗಳೂ ಸರಳುಗಳೂ ಮುಳ್ಳಿಗೆ ಮೊಳ ದೂರದಲ್ಲಿಯೇ ಇದ್ದವೆಂಬುದನ್ನು ಮರೆಯಬಾರದು. ಭೂಮಿಯ ಅಯಸ್ಕಾಂತ ಕ್ಷೇತ್ರವು ಬಹು ದುರ್ಬಲವಾದುದು. ಮಗ್ಗುಲಲ್ಲಿರುವ ಕಬ್ಬಿಣವು ಸುಲಭವಾಗಿ ಮುಳ್ಳನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಮುಂದೆ ಜಲಾಂತರ್ಗಾಮಿಗಳ ಒಡಲೇ ಉಕ್ಕಿನದಾದಾಗ ಈ ತೊಡಕು ನೂರ್ಮಡಿಯಾಯಿತು. ಜರ್ಮನಿಯ ಹರ್ಮನ್ ಆನ್‌ಷುಟ್ಸ್ ಎಂಬವನು ಹಿಮದಡಿಯಲ್ಲಿ ಜಲಾಂತರ್ಗಾಮಿಯ ಮೂಲಕ ಉತ್ತರ ಧ್ರುವಕ್ಕೆ ಹೋಗುವ ಕನಸು ಕಂಡು, ಅಯಸ್ಕಾಂತದ ಹಂಗಿಲ್ಲದ ದಿಕ್ಸೂಚಿಗಾಗಿ ವರ್ಷಗಟ್ಟಲೆ ದುಡಿದನು. 1908ರ ವೇಳೆಗೆ ಅವನು ಸಿದ್ಧಪಡಿಸಿದ ಗೈರೋ ದಿಕ್ಸೂಚಿಯಲ್ಲಿ ಅತಿ ವೇಗದಿಂದ ತಿರುಗುವ ಚಕ್ರವೊಂದು ಭೂಮಿಯ ಭ್ರಮಣೆಯನ್ನೇ ಆಧರಿಸಿ ನಿಜವಾದ ಉತ್ತರದತ್ತ ತಿರುಗಿ ನಿಲ್ಲುತ್ತದೆ. ದೊಡ್ಡ ನೌಕಾಪಡೆಗಳು ಅದನ್ನು ಅಳವಡಿಸಿಕೊಂಡವು. ಆದರೆ ಅದು ಭಾರವಾದುದು, ಬೆಲೆಯುಳ್ಳದ್ದು. ಸ್ವಂತ ಕೈಯಿಂದ ಸಣ್ಣ ಜಲಾಂತರ್ಗಾಮಿಗಳನ್ನು ಕಟ್ಟುವ ಹವ್ಯಾಸಿಗಳಿಗೆ ಎಟುಕುವಂಥದಲ್ಲ.

ಅಂಥವರಿಗೆ ಇಂದು ಎಲೆಕ್ಟ್ರಾನಿಕ್ ದಿಕ್ಸೂಚಿಯು ದೊರೆತಿದೆ. ಇದರಲ್ಲಿ ತೂಗಾಡುವ ಮುಳ್ಳಿಲ್ಲ. ಉಗುರಿಗಿಂತ ಚಿಕ್ಕದಾದ ಚಿಪ್ಪೊಂದು ಭೂಮಿಯ ಅಯಸ್ಕಾಂತ ಕ್ಷೇತ್ರವನ್ನು ಮೂರು ದಿಕ್ಕುಗಳಲ್ಲಿ ಅಳೆಯುತ್ತದೆ. ಇನ್ನೊಂದು ಚಿಪ್ಪು ದೋಣಿಯು ಎಷ್ಟು ವಾಲಿದೆಯೆಂಬುದನ್ನು ಹೇಳುತ್ತದೆ. ಎರಡನ್ನೂ ಕೂಡಿಸಿ ಲೆಕ್ಕಹಾಕಿ ದಿಕ್ಕನ್ನು ಅಂಕಿಗಳಲ್ಲಿ ತೋರಿಸಲಾಗುತ್ತದೆ. ಮೊಬೈಲ್ ಫೋನಿನಲ್ಲಿರುವುದೂ ಇದೇ ಏರ್ಪಾಡು. ಬುಷ್ನೆಲ್ಲನ ಬೆಳಕಿನ ಚಿಂತೆ ಇಲ್ಲಿ ನೀಗಿದೆ. ಆದರೆ ಕಬ್ಬಿಣದ ಚಿಂತೆ ನೀಗಿಲ್ಲ. ಉಪಗ್ರಹಗಳ ನೆರವಿನಿಂದ ನೆಲೆಯನ್ನು ತಿಳಿಯೋಣವೆಂದರೆ ಆ ರೇಡಿಯೊ ಅಲೆಗಳು ನೀರಿನೊಳಕ್ಕೆ ಇಳಿಯುವುದಿಲ್ಲ. ಆದುದರಿಂದ ಚಿಪ್ಪನ್ನು ಮೋಟಾರು, ಬ್ಯಾಟರಿ, ಉಕ್ಕಿನ ಒಡಲು ಇವುಗಳಿಂದ ಆದಷ್ಟು ದೂರವಿಡಬೇಕಾಗುತ್ತದೆ; ಅನೇಕರು ಅದನ್ನು ನೀರು ಸೋರದ ಕರಂಡಕದಲ್ಲಿಟ್ಟು ಒಡಲಿನ ಹೊರಗೆ ಕಂಬದ ಮೇಲೆ ನಿಲ್ಲಿಸುತ್ತಾರೆ. ಬಳಿಕ ದೋಣಿಯನ್ನು ನೀರಿನ ಮೇಲೆ ಒಂದು ಪೂರ್ಣ ಸುತ್ತು ತಿರುಗಿಸಿ, ದೋಣಿಯದೇ ಅಯಸ್ಕಾಂತತೆಯು ಯಾವ ದಿಕ್ಕಿನಲ್ಲಿ ಎಷ್ಟು ತಪ್ಪನ್ನು ಉಂಟುಮಾಡುತ್ತದೆಂದು ಗುರುತಿಸಿ, ಆ ತಪ್ಪನ್ನು ಲೆಕ್ಕದಿಂದ ಕಳೆಯುತ್ತಾರೆ. ಮೋಟಾರಿನ ವಿದ್ಯುತ್ ಹರಿಯುವಾಗ ಉಂಟಾಗುವ ಬದಲಾವಣೆಯು ಇದರಿಂದಲೂ ಹೋಗದು. ಹಾಗಾಗಿ ಮೋಟಾರನ್ನು ಓಡಿಸಿ ನೋಡಿದ ಹೊರತು ಅನುಭವಸ್ಥರು ಮುಳುಗುವುದಿಲ್ಲ.

ಬುಷ್ನೆಲ್ಲನಿಗೆ ಇಂಥ ಎರಡನೆಯ ಅವಕಾಶವು ಬಹುಕಾಲ ದೊರೆಯಲಿಲ್ಲ. ಹಡ್ಸನ್ ನದಿಯಲ್ಲಿ ಮತ್ತೆ ಪ್ರಯತ್ನಗಳು ನಡೆದು ವಿಫಲವಾದವು. 1776ರ ಅಕ್ಟೋಬರಿನಲ್ಲಿ ಆಮೆಯನ್ನು ಹೊತ್ತಿದ್ದ ಹಡಗನ್ನು ಬ್ರಿಟಿಷರು ಮುಳುಗಿಸಿದರು. ಅವನು ಅದನ್ನು ಮೇಲೆತ್ತಿದನಾದರೂ ಮತ್ತೆ ಯುದ್ಧಕ್ಕೆ ಇಳಿಸಲಾಗಲಿಲ್ಲ. 1777ರಲ್ಲಿ ತೇಲುವ ಮದ್ದಿನ ಪೆಟ್ಟಿಗೆಯನ್ನು ‘ಸರ್ಬಿರಸ್’ ಎಂಬ ಹಡಗಿನತ್ತ ಕಳುಹಿಸಿದನು. ಅದು ಹತ್ತಿರದ ಸಣ್ಣ ಹಡಗೊಂದಕ್ಕೆ ಸಿಕ್ಕಿ, ನಾವಿಕರು ಕುತೂಹಲದಿಂದ ಮೇಲಕ್ಕೆಳೆದಾಗ ಸಿಡಿದು ಪ್ರಾಣಹಾನಿಯಾಯಿತು. 1778ರ ಜನವರಿಯಲ್ಲಿ ಡೆಲವೇರ್ ನದಿಯಲ್ಲಿ ಮದ್ದಿನ ಪೀಪಾಯಿಗಳನ್ನು ತೇಲಿಬಿಟ್ಟನು. ಹಡಗುಗಳಿಗೆ ಏನೂ ಆಗಲಿಲ್ಲ. ಫಿಲಡೆಲ್ಫಿಯದಲ್ಲಿದ್ದ ಬ್ರಿಟಿಷ್ ಸೈನಿಕರು ಮಾತ್ರ ಗಾಬರಿಗೊಂಡು ನದಿಯಲ್ಲಿ ತೇಲಿಬಂದುದರ ಮೇಲೆಲ್ಲ ಗುಂಡು ಹಾರಿಸಿದರು. ಈ ಪ್ರಸಂಗವನ್ನು ಕುರಿತು ಕವನ ಕಟ್ಟಿ ಜನ ನಕ್ಕರು. ಇದೇ ಡೆಲವೇರಿನ ಮುಖದಲ್ಲಿ 1782ರಲ್ಲಿ ಅಮೆರಿಕನ್ನರ ಒಂದು ಹಡಗು ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿಯಿತು. ಆ ವಿಜಯೀ ಹಡಗಿನ ಹೆಸರು ‘ಹೈದರ್ ಆಲಿ’. ಮೈಸೂರಿನ ದೊರೆಯ ಕೀರ್ತಿಯು ಅಷ್ಟು ದೂರ ಹಬ್ಬಿದ್ದಿತು.

ಈ ಮಧ್ಯೆ ಬುಷ್ನೆಲ್ಲನು ಸೈನ್ಯದ ಸ್ಯಾಪರ್ಸ್ ದಳಕ್ಕೆ, ಅಂದರೆ ಸುರಂಗ, ಸೇತುವೆ, ಕಂದಕಗಳ ಕೆಲಸ ಮಾಡುವ ದಳಕ್ಕೆ, ಅಧಿಕಾರಿಯಾಗಿ ಸೇರಿದ್ದನು. ನಮ್ಮ ಹಲಸೂರು ಕೆರೆಯ ಬಳಿಯಿರುವ ಮದರಾಸು ಸ್ಯಾಪರ್ಸ್ ದಳದ ಮೂಲವೂ 1780ರದೇ. ಕಾಲವೂ ಒಂದೇ, ಕಸುಬೂ ಒಂದೇ. 1781ರ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಭಾಗವಹಿಸಿ, ಕ್ಯಾಪ್ಟನ್ ಪದವಿಗೇರಿ, 1783ರಲ್ಲಿ ಅವನು ಸೈನ್ಯವನ್ನು ಬಿಟ್ಟನು. ಅವನ ಪ್ರತಿಭೆಯನ್ನು ಚೆನ್ನಾಗಿ ಬಲ್ಲವನು ಜಾರ್ಜ್ ವಾಷಿಂಗ್ಟನ್. ಥಾಮಸ್ ಜೆಫರ್ಸನ್ನನು ವಿಚಾರಿಸಿದಾಗ, ಇಂಥ ಯಂತ್ರವನ್ನು ನೀರಿನಡಿಯಲ್ಲಿ ನಡೆಸಿ, ಸೆಳವುಗಳ ನಡುವೆ ಗುರಿಯನ್ನು ಕಾಣದೆಯೇ ಸೇರುವುದು ಎಷ್ಟು ಕಠಿಣವೆಂಬುದನ್ನು ವಾಷಿಂಗ್ಟನ್ನನು ವಿವರಿಸಿ ಬರೆದನು. 1787ರಲ್ಲಿ ಬುಷ್ನೆಲ್ಲನೇ ತನ್ನ ದೋಣಿಯ ಸಂಪೂರ್ಣ ವಿವರಣೆಯನ್ನು ಜೆಫರ್ಸನ್ನನಿಗೆ ಕಳುಹಿಸಿದನು. ಅದು ಅಮೆರಿಕದ ತತ್ತ್ವಜ್ಞಾನ ಸಂಘದ ಪತ್ರಿಕೆಯಲ್ಲಿ 1799ರಲ್ಲಿ ಅಚ್ಚಾಯಿತು. ಶ್ರೀರಂಗಪಟ್ಟಣವು ಬ್ರಿಟಿಷರ ವಶವಾದ ವರ್ಷವೂ ಅದೇ.

ಲೇಖನವು ಅಚ್ಚಾಗುವ ಹೊತ್ತಿಗೆ ಲೇಖಕನು ತನ್ನವರ ಕಣ್ಣಿಗೆ ಮರೆಯಾಗಿದ್ದನು. ಅವನು ಫ್ರಾನ್ಸಿಗೆ ಹೋದನೆಂದು ಕೆಲವರು, ತೀರಿಕೊಂಡನೆಂದು ಕೆಲವರು ಭಾವಿಸಿದರು. ವಾಸ್ತವವಾಗಿ ಅವನು ಕನೆಕ್ಟಿಕಟ್ಟಿನಿಂದ ಬಹು ದೂರ ದಕ್ಷಿಣದ ಜಾರ್ಜಿಯ ಪ್ರಾಂತಕ್ಕೆ ಹೋಗಿ, ಯೇಲ್ ಕಾಲೇಜಿನಲ್ಲಿ ಪರಿಚಿತನಾಗಿದ್ದ ಅಬ್ರಹಾಂ ಬಾಲ್ಡ್ವಿನ್ನನ ನೆರವಿನಿಂದ ಅಲ್ಲಿ ನೆಲೆಸಿದ್ದನು. ಅಲ್ಲಿ ಅವನ ಹೆಸರು ಡಾಕ್ಟರ್ ಡೇವಿಡ್ ಬುಷ್. ಮೊದಲು ಶಾಲೆಯಲ್ಲಿ ಪಾಠ ಹೇಳಿದನು. ಬಳಿಕ ವಾರೆಂಟನ್ ಎಂಬ ಊರಿನಲ್ಲಿ ವೈದ್ಯವೃತ್ತಿಯನ್ನು ನಡೆಸಿದನು. ಮದುವೆಯಾಗಲಿಲ್ಲ. ಜನರ ನಗೆಯು ಅವನನ್ನು ಅಷ್ಟು ನೋಯಿಸಿತೋ, ತನ್ನ ಯಂತ್ರದಿಂದ ಸತ್ತ ಅಮಾಯಕರ ನೆನಪು ಕಾಡಿತೋ, ಅಥವಾ ಹುಟ್ಟಿನ ಸಂಕೋಚವೇ ಅವನನ್ನು ಅತ್ತ ಕರೆದೊಯ್ದಿತೋ, ಅವನು ಯಾರಿಗೂ ಹೇಳಲಿಲ್ಲ. ಮನೆಗೆ ಬಂದ ರೋಗಿಗಳಿಗಾಗಲಿ, ಶಾಲೆಯ ಮಕ್ಕಳಿಗಾಗಲಿ, ತಮ್ಮೆದುರಿಗಿರುವವನು ನೀರಿನ ಕೆಳಗಿನ ಯುದ್ಧವನ್ನು ಮೊದಲಿಗೆ ರೂಪಿಸಿದವನೆಂಬುದು ಗೊತ್ತಿರಲಿಲ್ಲ.

1820ರ ದಶಕದಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವನು ವಾರೆಂಟನ್ನಿನಲ್ಲಿಯೇ ನಿಧನನಾದನು. ಮರಣದ ತರುವಾಯ ಅವನ ಕಾಗದಪತ್ರಗಳನ್ನು ಪರಿಶೀಲಿಸಿದಾಗಲೇ ಡಾಕ್ಟರ್ ಬುಷ್ ಎಂಬವನು ಡೇವಿಡ್ ಬುಷ್ನೆಲ್ಲನೆಂಬುದು ಹೊರಬಿದ್ದಿತು. ಸುದ್ದಿಯು ಸೇಬ್ರೂಕಿನಲ್ಲಿದ್ದ ಬಂಧುಗಳನ್ನು ತಲುಪಿತು. ಅವನು ಊರನ್ನು ಬಿಟ್ಟು ಆಗ ಹಲವು ದಶಕಗಳಾಗಿದ್ದವು.